ಕಲ್ಲು ಹಿಂದಕ್ಕೆ ಬಂದ ವಾರ

ಮೊದಲ ಕಲ್ಲು ದೂರ ಹೋಗಲೇ ಇಲ್ಲ. ತೊಲೆ ಭರ್ರೆಂದು ಮೇಲೆದ್ದು ತಿರುಗಿತು, ಅದರ ತುದಿಯ ಕವಣೆ ಬೀಸಿತು, ಕಲ್ಲು ಯಂತ್ರದ ಮೂತಿಯ ಮುಂದೆಯೇ ಹುಲ್ಲಿಗೆ ಬಡಿದು ಅರ್ಧ ಹೂತುಕೊಂಡಿತು. ಹ್ಯಾರೋ ಆಚೆಯ ಆ ಬಯಲಿನಲ್ಲಿ ನಾವು ಮೂವರು ಅದನ್ನೇ ನೋಡುತ್ತ ನಿಂತೆವು. ವರ್ಕ್‌ಶಾಪಿನ ಮಾಲೀಕ, ಎಂಜಿನಿಯರ್ ಮತ್ತು ನಾನು. ಮಾಲೀಕ ಆ ದೇಶದವನೇ, ಇಂಗ್ಲಿಷ್ ಮನುಷ್ಯ, ಸಿಟ್ಟು ಬಂದಷ್ಟೂ ಮೆತ್ತಗೆ ಮಾತಾಡುವವನು. ಅವತ್ತು ಬಹಳ ಮೆತ್ತಗೆ, "ಕೋಟೆ ಗೋಡೆ ಇರುವುದು ಅಲ್ಲಿ" ಎಂದು ಬೆರಳು ತೋರಿಸಿ ಟೀ ಮಾಡಲು ಕ್ಯಾಬಿನ್ನಿಗೆ ಹೋದ.

ತೊಂಬತ್ತರ ದಶಕದ ಕೊನೆಯ ಒಂದು ವಸಂತ. ಪಾರ್ಕ್ ರಾಯಲ್‌ನಲ್ಲಿದ್ದ ನಮ್ಮ ವರ್ಕ್‌ಶಾಪು ಮ್ಯೂಸಿಯಮ್ಮುಗಳಿಗೆ ಬೇಕಾದ ದೊಡ್ಡ ದೊಡ್ಡ ಮಾದರಿಗಳನ್ನು ಮಾಡಿಕೊಡುತ್ತಿತ್ತು. ಆ ಸಲ ಬಂದದ್ದು ಮಧ್ಯಯುಗದ ಕೋಟೆಯ ಪ್ರದರ್ಶನ: ಆಗ ಕೋಟೆಯನ್ನು ಹೇಗೆ ಮುತ್ತುತ್ತಿದ್ದರು, ಒಳಗಿನವರು ಹೇಗೆ ಕಾಯುತ್ತಿದ್ದರು ಎಂದು ಜನರಿಗೆ ಬಯಲಿನಲ್ಲೇ ತೋರಿಸಬೇಕು. ಬಾಗಿಲು ಗುದ್ದುವ ದಿಮ್ಮಿ, ಅದರ ಮೇಲೆ ಬೆಂಕಿ ಹತ್ತದಂತೆ ಹಸಿ ಚರ್ಮ ಹೊದಿಸಿದ ಮಾಡು, ಗೋಡೆಗೆ ತಂದು ಆನಿಸುವ ಗಾಲಿಗಳ ಗೋಪುರ, ಇವೆಲ್ಲ ದಾಳಿ ಮಾಡುವವರ ಕಡೆಗೆ. ಕಾಯುವವರ ಕಡೆಗೆ ಒಂದು ತುಂಡು ಗೋಡೆ, ಅದರ ನೆತ್ತಿಯಿಂದ ಹೊರಗೆ ಚಾಚಿದ ಮರದ ಮೊಗಸಾಲೆ. ಮೊಗಸಾಲೆಯ ನೆಲದಲ್ಲಿ ಕಂಡಿಗಳಿದ್ದವು, ಬುಡಕ್ಕೆ ಬಂದವರ ತಲೆ ಮೇಲೆ ಕಲ್ಲು ಕೆಡವಲು. ದಿಮ್ಮಿಯ ಗುದ್ದು ತಾಗದಂತೆ ಗೋಡೆಗೆ ಅಡ್ಡ ಇಳಿಬಿಡುವ ಉಣ್ಣೆ ಮೂಟೆಗಳನ್ನೂ ಹೊಲಿದಿದ್ದೆವು. ಇದೆಲ್ಲ ಸಲೀಸಾಗಿ ಮುಗಿಯಿತು. ನಮ್ಮ ಜೀವ ಹಿಂಡಿದ್ದು ಕವಣೆ ಯಂತ್ರ ಒಂದೇ.

ಜೋಳದ ಹೊಲದಲ್ಲಿ ಹಕ್ಕಿ ಹೊಡೆಯುವ ಕವಣೆ ನೋಡಿದವರಿಗೆ ಇದರ ಗುಟ್ಟು ಹೊಸದಲ್ಲ. ಕವಣೆಯ ಒಂದು ತುದಿ ಬೆರಳಿಗೆ ಸಿಕ್ಕಿಸಿರುತ್ತದೆ, ಇನ್ನೊಂದನ್ನು ಬೀಸುವಾಗ ಸರಿಯಾದ ಗಳಿಗೆಗೆ ಬಿಡಬೇಕು. ಇಲ್ಲಿ ಕೈಯ ಬದಲು ಉದ್ದನೆಯ ತೊಲೆ. ತೊಲೆಯ ಗಿಡ್ಡ ಕಡೆಗೆ ಕಬ್ಬಿಣದ ತುಂಡುಗಳು ತುಂಬಿದ ಭಾರದ ಪೆಟ್ಟಿಗೆ, ಉದ್ದ ಕಡೆಗೆ ಸೆಣಬಿನ ಹಗ್ಗದ ಕವಣೆ. ಕವಣೆಯ ಒಂದು ಹಗ್ಗವನ್ನು ತೊಲೆಗೆ ಕಟ್ಟಿರುತ್ತಾರೆ. ಇನ್ನೊಂದರ ತುದಿಯ ಬಳೆಯನ್ನು ತೊಲೆಯ ಮೂತಿಯಲ್ಲಿರುವ ಬಾಗಿದ ಮೊಳೆಗೆ ಸಿಕ್ಕಿಸಿರುತ್ತಾರೆ. ಕೆಳಗೆ ಹಿಡಿದಿಟ್ಟ ತೊಲೆಯ ಚಿಲಕ ಕಳಚಿದರೆ ಪೆಟ್ಟಿಗೆ ಬೀಳುತ್ತದೆ, ತೊಲೆ ಏಳುತ್ತದೆ, ಬಳೆ ಮೊಳೆಯಿಂದ ಜಾರಿ ಕಲ್ಲು ಹಾರುತ್ತದೆ. ಮೊಳೆ ಹೆಚ್ಚು ಬಾಗಿದ್ದರೆ ಬಳೆ ತಡವಾಗಿ ಜಾರಿ ಕಲ್ಲು ನೆಲಕ್ಕೆ ಬಡಿಯುತ್ತದೆ. ನೆಟ್ಟಗಿದ್ದರೆ ಬೇಗ ಜಾರಿ ಕಲ್ಲು ಆಕಾಶಕ್ಕೆ ಹೋಗುತ್ತದೆ. ಇನ್ನೂ ಬೇಗ ಜಾರಿದರೆ ಹಿಂದಕ್ಕೆ, ಎಸೆದವರ ಮೇಲೆಯೇ ಬರುತ್ತದೆ.

ಎಂಜಿನಿಯರ್ ಮೈಸೂರಿನವಳು, ಮೆಕ್ಯಾನಿಕಲ್ ಓದಿದವಳು. ಗಂಡ ಆಸ್ಪತ್ರೆಯಲ್ಲಿ ಡಾಕ್ಟರು, ಕೆಂಟನ್ನಿನಲ್ಲಿ ಬಾಡಿಗೆ ಮನೆ. ಈ ದೇಶಕ್ಕೆ ಬಂದ ಮೇಲೆ ಅವಳು ಬಡಾವಣೆಯ ಒಂದು ಸಣ್ಣ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತು ಫೋನು ಎತ್ತುತ್ತಿದ್ದಳು. ಕನ್ನಡದವರ ಕೂಟಗಳಲ್ಲಿ ಅವಳನ್ನು "ಇವರು ಡಾಕ್ಟರ ಮನೆಯವರು" ಎಂದೇ ಪರಿಚಯಿಸುತ್ತಿದ್ದರು. ನನಗೂ ಅವಳು ಮೊದಲ ಸಲ ಪರಿಚಯವಾದದ್ದು ಹಾಗೆಯೇ. ನಮ್ಮ ಮಾಲೀಕ ಎಂಜಿನಿಯರ್ ಬೇಕೆಂದು ಹುಡುಕುತ್ತಿದ್ದಾಗ ನಾನೇ ಅವಳನ್ನು ಕರೆದುಕೊಂಡು ಹೋದೆ. ಅವನು ಪ್ರದರ್ಶನದ ತನಕ ನೋಡೋಣ ಎಂದು ತೆಗೆದುಕೊಂಡಿದ್ದ. ಯಂತ್ರ ಸರಿಯಾಗಿ ಎಸೆದರೆ ಕೆಲಸ ಖಾಯಂ, ಇಲ್ಲದಿದ್ದರೆ ಮತ್ತೆ ಕ್ಲಿನಿಕ್ಕಿನ ಫೋನು.

ನಾನು ಹುಬ್ಬಳ್ಳಿಯವ, ವರ್ಕ್‌ಶಾಪಿನ ಹಳೆಯ ಫಿಟ್ಟರ್. ಮನೆ ರೇನರ್ಸ್ ಲೇನ್. ದಿನಾ ಬೆಳಿಗ್ಗೆ ವ್ಯಾನಿನಲ್ಲಿ ಕೆಂಟನ್ನಿಗೆ ಹೋಗಿ ಅವಳನ್ನು ಹತ್ತಿಸಿಕೊಂಡು ಬಯಲಿಗೆ ಬರುತ್ತಿದ್ದೆ. ಮಂಡಿ ನೋವು ಆಗಲೇ ಶುರುವಾಗಿತ್ತು. ಅವಳು ನನ್ನನ್ನು ಸಾರ್ ಎನ್ನುತ್ತಿದ್ದಳು. "ಸಾರ್ ಅನಬ್ಯಾಡವಾ ತಂಗಿ, ಕಾಕಾ ಅನ್ನು" ಎಂದು ಎಷ್ಟು ಹೇಳಿದರೂ ಮೈಸೂರಿನ ಬಾಯಿಗೆ ಕಾಕಾ ಬರಲಿಲ್ಲ.

ವಾರಗಟ್ಟಲೆ ಅದೇ ಕೆಲಸ. ಇಬ್ಬರೂ ರಾಟೆ ತಿರುಗಿಸಿ ತೊಲೆ ಕೆಳಗೆಳೆಯುವುದು, ಚಿಲಕ ಹಾಕುವುದು, ಕಲ್ಲಂಗಡಿ ಗಾತ್ರದ ಕಾಂಕ್ರೀಟು ಗುಂಡನ್ನು ಕವಣೆಯ ಚೀಲದಲ್ಲಿ ಕೂರಿಸುವುದು, ಬಳೆ ಸಿಕ್ಕಿಸುವುದು, ಎಸೆಯುವುದು. ಆಮೇಲೆ ಗುಂಡು ಬಿದ್ದ ಕಡೆಗೆ ಗಾಡಿ ತಳ್ಳಿಕೊಂಡು ಹೋಗಿ ಅದನ್ನು ಹೊತ್ತು ತರುವುದು. ಮೊಳೆಯನ್ನು ಕೆಂಪಗೆ ಕಾಯಿಸಿ ಒಂದು ಕೂದಲಷ್ಟು ನೆಟ್ಟಗೆ ಮಾಡುವುದು, ಮತ್ತೆ ಎಸೆಯುವುದು. ಹುಲ್ಲು ಕೆಸರಾಯಿತು. ಸಂಜೆ ಮನೆಗೆ ಹೋದರೆ ಚಪಾತಿ ಮುರಿಯಲೂ ಕೈಗೆ ಶಕ್ತಿ ಇರುತ್ತಿರಲಿಲ್ಲ. ಆ ಕಾಲದ ಸೈನಿಕರು ಇದನ್ನು ಬಾಣಗಳ ನಡುವೆ ಮಾಡುತ್ತಿದ್ದರಲ್ಲ ಎಂದು ನೆನೆದರೆ ಅವರ ಶೌರ್ಯಕ್ಕಿಂತ ಅವರ ಬೆನ್ನಿನ ಬಗ್ಗೆಯೇ ನನಗೆ ಕನಿಕರ ಹುಟ್ಟುತ್ತಿತ್ತು.

ಎಸೆಯುವಾಗ ನಮ್ಮ ಜಾಗ ಹೀಗೆ: ಅವಳು ಯಂತ್ರದ ಎಡಕ್ಕೆ, ಬೇಲಿಯ ಹಿಂದೆ. ಅಲ್ಲಿಂದ ಮೊಳೆ, ಬಳೆ, ಚೀಲ ಎಲ್ಲ ಕಾಣುತ್ತದೆ. ನಾನು ಬಲಕ್ಕೆ, ಚಿಲಕದ ಹಗ್ಗ ಹಿಡಿದು. ನಡುವೆ ಯಂತ್ರದ ದಪ್ಪ ಕಂಬಗಳು. ಅವಳ ದನಿ ನನಗೆ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅವಳು "ಪುಲ್" ಎಂದರೆ ನಾನು ಎಳೆಯಬೇಕು ಎಂದು ಮಾಲೀಕ ಮೊದಲ ದಿನವೇ ಹೇಳಿದ್ದ. ಎರಡು ದಿನ ಹಾಗೇ ನಡೆಯಿತು. ಆಮೇಲೆ ಇಬ್ಬರು ಕನ್ನಡದವರು ಖಾಲಿ ಬಯಲಿನಲ್ಲಿ ಎಷ್ಟು ಹೊತ್ತು ಇಂಗ್ಲಿಷು ಆಡುತ್ತಾರೆ? ಬಾಣ ಬಿಡುತ್ತೇವೆ, ರಾಕೆಟ್ಟು ಬಿಡುತ್ತೇವೆ, ಕವಣೆಯನ್ನೂ ಬಿಟ್ಟೆವು. ಅವಳು "ಬಿಡಿ ಸಾರ್" ಎನ್ನುತ್ತಿದ್ದಳು, ನಾನು ಎಳೆಯುತ್ತಿದ್ದೆ. ಯಾವಾಗ ಹಾಗಾಯಿತೆಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಪ್ರದರ್ಶನಕ್ಕೆ ಒಂದು ವಾರ ಇರುವಾಗ ಕಲ್ಲುಗಳು ಗೋಡೆಗೆ ಬೀಳತೊಡಗಿದ್ದವು. ಅವಳ ಮುಖದಲ್ಲಿ ನಗು ಕಂಡಿದ್ದೂ ಆಗಲೇ. ಆ ಸೋಮವಾರ ಬೆಳಿಗ್ಗೆ ಹುಲ್ಲೆಲ್ಲ ಒದ್ದೆ, ಹಿಂದಿನ ದಿನವಿಡೀ ಜಡಿಮಳೆ. ತೊಲೆ ಇಳಿಸಿದೆವು, ಗುಂಡು ಇಟ್ಟೆವು, ಬಳೆ ಹಾಕಿದೆವು. ನಾನು ಹಗ್ಗ ಹಿಡಿದು ನಿಂತೆ. ಕೊಂಚ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಅವಳ ದನಿ ಗಟ್ಟಿಯಾಗಿ ಬಂತು.

"ಬಿಡಿ ಸಾರ್, ಬಿಡಿ ಬಿಡಿ!"

ಎಳೆದೆ. ತೊಲೆ ಎದ್ದಿತು. ಗುಂಡು ಮುಂದೆ ಕಾಣಲಿಲ್ಲ. ನಾನು ತಲೆ ಎತ್ತಿ ಹುಡುಕುತ್ತಿದ್ದಾಗ ಬೆನ್ನ ಹಿಂದೆ ಧಡಾರ್ ಎಂದಿತು. ಕ್ಯಾಬಿನ್ನಿನ ಮಾಡು ಒಡೆದು ಗುಂಡು ಒಳಗೆ ಬಿದ್ದಿತ್ತು. ಮಾಲೀಕ ಟೀ ಮಗ್ಗು ಹಿಡಿದು ಆಗಷ್ಟೇ ಮೆಟ್ಟಿಲು ಇಳಿದಿದ್ದ. ಅವನು ತಿರುಗಿ ಮಾಡಿನ ತೂತು ನೋಡಿದ, ಮಗ್ಗು ನೋಡಿಕೊಂಡ, ಹುಲ್ಲಿನ ಮೇಲೆ ಕೂತುಬಿಟ್ಟ.

ಅವಳು ಓಡಿ ಬಂದಳು. "ಬಿಡಿ ಅಂದೆನಲ್ಲ ಸಾರ್! ಕವಣೆ ಯಾಕೋ ಗಿಡ್ಡ ಕಾಣ್ತಿತ್ತು, ಬೇಡ ಬಿಡಿ ಅಂದೆ!"

"ಬಿಡು ಅಂದಿ, ಬಿಟ್ಟೆ," ಎಂದೆ.

ಆಮೇಲೆ ಅಳೆದು ನೋಡಿದೆವು. ಮಳೆ ನೀರು ಕುಡಿದು ಸೆಣಬಿನ ಹಗ್ಗ ಕುಗ್ಗಿತ್ತು. ಕವಣೆ ಗಿಡ್ಡವಾದರೆ ಬೇಗ ಸುತ್ತುತ್ತದೆ, ಬಳೆ ಬೇಗ ಜಾರುತ್ತದೆ. ಅವಳ ಕಣ್ಣಿಗೆ ಅದು ಬಿದ್ದಿತ್ತು. ಬೇಡ ಎನ್ನಲು ಅವಳ ಬಾಯಿಗೆ ಬಂದ ಪದವೂ ಎಳೆ ಎನ್ನಲು ನಾವು ರೂಢಿ ಮಾಡಿಕೊಂಡ ಪದವೂ ಒಂದೇ ಆಗಿಹೋಗಿತ್ತು.

ಮರುದಿನ ಕೌನ್ಸಿಲ್ಲಿನ ಸುರಕ್ಷತಾ ಅಧಿಕಾರಿ ಬರುವವಳಿದ್ದಳು. ಸಂಜೆ ಮಾಲೀಕ ನನ್ನೊಬ್ಬನನ್ನೇ ಬದಿಗೆ ಕರೆದ. ಆಜ್ಞೆಯ ಪದ "ಪುಲ್", ಅದು ಬರುವ ಮುಂಚೆಯೇ ನೀನು ಎಳೆದೆ, ಇಷ್ಟು ಹೇಳಿದರೆ ಸಾಕು ಎಂದ. ನಿನಗೊಂದು ಮಾತು ಬಯ್ಯುತ್ತಾರೆ, ಹಗ್ಗಕ್ಕೆ ಬೇರೆಯವರನ್ನು ಹಾಕುತ್ತೇನೆ, ಪ್ರದರ್ಶನ ಉಳಿಯುತ್ತದೆ, ಹುಡುಗಿಯೂ ಉಳಿಯುತ್ತಾಳೆ. ನನಗೆ ಅದು ಸರಿಯೆನಿಸಿತು. ನಿಜ ಹೇಳಬೇಕೆಂದರೆ ಹಾಯೆನಿಸಿತು. ಹಗ್ಗದಿಂದ ಬಿಡುಗಡೆ, ಮಂಡಿಗೂ ವಿಶ್ರಾಂತಿ, ಮೇಲೆ ಒಂದಿಷ್ಟು ತ್ಯಾಗದ ಪುಣ್ಯ.

ವ್ಯಾನಿನಲ್ಲಿ ಅವಳಿಗೆ ಹೇಳಿದೆ. ಕೆಂಟನ್ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಿದ್ದೆವು.

"ನಂಗೇನವಾ, ಇನ್ನೇನು ಮೂಲಿಗೆ ಕೂಡೂ ವಯಸ್ಸು. ನಾ ಎಳದೆ ಅಂತೀನಿ. ನಿನ್ನ ಕೆಲಸ ಉಳೀತದ."

ಅವಳು ಸಿಟ್ಟಿನಿಂದ ಹೇಳಿದಳು: "ನಿಮ್ಮ ದೊಡ್ಡತನ ನಂಗೆ ಬೇಡ ಸಾರ್. ಮುದುಕರು ಅವಸರಪಟ್ರು ಅಂತ ಎಲ್ರೂ ತಲೆ ಆಡಿಸ್ತಾರೆ, ಮುಗೀತು. ಹಗ್ಗ ಯಾಕೆ ಕುಗ್ತು ಅಂತ ಯಾರೂ ಕೇಳಲ್ಲ. ಶನಿವಾರ ಇನ್ಯಾರೋ ಎಳೀತಾರೆ, ಮತ್ತೆ ಮಳೆ ಬಂದಿರತ್ತೆ. ಆಗ ಹಿಂದೆ ಇರೋದು ಕ್ಯಾಬಿನ್ ಮಾತ್ರ ಅಲ್ಲ, ಮಕ್ಕಳೂ ಇರ್ತಾರೆ."

"ಹಂಗಾರ ನಿನ್ನ ಕೆಲಸ?"

"ಇದೇ ನನ್ನ ಕೆಲಸ ಸಾರ್. ಇದನ್ನ ಬಿಟ್ರೆ ಇನ್ಯಾವುದು?"

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಸಿಗ್ನಲ್ ಹಸಿರಾದದ್ದು ನನಗೆ ಗೊತ್ತೇ ಆಗಿರಲಿಲ್ಲ.

ಅಧಿಕಾರಿ ಐವತ್ತರ ಆಸುಪಾಸಿನ ಹೆಂಗಸು, ರಬ್ಬರ್ ಬೂಟು ಹಾಕಿಕೊಂಡು ಬಂದಿದ್ದಳು. ಒಡೆದ ಮಾಡಿನ ಕೆಳಗೇ ನಮ್ಮನ್ನು ಕೂರಿಸಿ ಕೇಳಿದಳು. ಎಂಜಿನಿಯರ್ ಎಲ್ಲವನ್ನೂ ಹೇಳಿದಳು: ಹಗ್ಗ, ಮಳೆ, ಮೊಳೆ, ಕೊನೆಗೆ ಆ ಪದ. ಮಾಲೀಕ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದ.

"ಅಂದರೆ ಎಸೆ ಅನ್ನಲಿಕ್ಕೂ ಎಸೆಯಬೇಡ ಅನ್ನಲಿಕ್ಕೂ ನಿಮ್ಮಲ್ಲಿ ಒಂದೇ ಪದವೇ?" ಎಂದು ಅಧಿಕಾರಿ ಕೇಳಿದಳು.

"ಹೌದು," ಎಂದೆ.

"ಮತ್ತೆ ದಿನನಿತ್ಯ ಹೇಗೆ ನಿಭಾಯಿಸುತ್ತೀರಿ?" ಆಕೆ ಕುಹಕವಾಡಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಳು.

ನಾನು ಯೋಚಿಸಿದೆ. ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. "ಮುಖ ನೋಡುತ್ತೇವೆ," ಎಂದೆ.

ಎಂಜಿನಿಯರ್ ಮೆಲ್ಲಗೆ ಎದ್ದು ಹೊರಗೆ ಹೋಗಿ ಯಂತ್ರದ ಬಲಗಡೆ, ನನ್ನ ಜಾಗದಲ್ಲಿ ನಿಂತಳು. ಅಲ್ಲಿಂದ ಎಡಕ್ಕೆ ನೋಡಿದಳು. ತಿರುಗಿ ಬಂದು ಹೇಳಿದಳು: ತಪ್ಪಿರುವುದು ಪದದಲ್ಲಿ ಮಾತ್ರ ಅಲ್ಲ, ನಿಂತ ಜಾಗದಲ್ಲಿ. ಎಳೆಯುವವನಿಗೆ ಹೇಳುವವಳು ಕಾಣುವುದಿಲ್ಲ. ಇಂಗ್ಲಿಷ್ ಪದವೇ ಇದ್ದರೂ ಗಾಳಿಯಲ್ಲಿ ಅರ್ಧ ಕೇಳಿ ಒಂದು ದಿನ ಇದೇ ಆಗುತ್ತಿತ್ತು.

ಆ ಮಧ್ಯಾಹ್ನವೇ ಕೆಲಸಕ್ಕೆ ಇಳಿದೆವು. ಚಿಲಕದ ಹಗ್ಗವನ್ನು ಎರಡು ರಾಟೆಗಳ ಮೇಲೆ ತಿರುಗಿಸಿ ಎಡಗಡೆಗೆ ತಂದೆವು. ಎಳೆಯುವವನೂ ಹೇಳುವವರೂ ಈಗ ಎದುರುಬದುರು. ಮಾತೇ ಇಲ್ಲ: ಕೈ ಎತ್ತಿದರೆ ತಯಾರಿ, ಕೈ ಕೆಳಗೆ ಬಿದ್ದರೆ ಎಳೆಯಬೇಕು. ಬೇರೆ ಏನೇ ಆದರೂ, ಕೂಗಿದರೂ ಸೀನಿದರೂ, ಹಗ್ಗ ನೆಲಕ್ಕೆ. ಗುರುವಾರ ಅಧಿಕಾರಿ ಮತ್ತೆ ಬಂದು ನೋಡಿ ಒಪ್ಪಿದಳು. ತರಬೇತಿ ಪಡೆದ ನನ್ನನ್ನು ಬಿಟ್ಟು ಇನ್ನಾರೂ ಹಗ್ಗ ಮುಟ್ಟಕೂಡದು ಎಂದು ಷರತ್ತು ಹಾಕಿದಳು.

ಮಾಲೀಕ ಎಂಜಿನಿಯರನ್ನು ಬಯ್ಯಲಿಲ್ಲ. ಬಹಳ ಮೆತ್ತಗೆ, ಶನಿವಾರ ಭಾನುವಾರ ಕೈ ಸನ್ನೆ ತಾನೇ ಮಾಡುತ್ತೇನೆ, ನೀನು ಬರಬೇಕಾಗಿಲ್ಲ ಎಂದ. ಸೋಮವಾರದ ನಂತರದ ಮಾತು ಆಮೇಲೆ ನೋಡೋಣ ಎಂದ. ಅವಳು ಸರಿ ಎಂದಳು. ವ್ಯಾನಿನಲ್ಲಿ ಕೂತ ಮೇಲೆ ಒಂದೇ ಮಾತು: "ಕ್ಲಿನಿಕ್‌ನೋರು ಇನ್ನೂ ಯಾರನ್ನೂ ತಗೊಂಡಿಲ್ವಂತೆ."

ಶನಿವಾರ ಬಿಸಿಲು. ಬಯಲ ತುಂಬ ಜನ. ದಿಮ್ಮಿ ಗುದ್ದಿತು, ಉಣ್ಣೆ ಮೂಟೆಗಳು ಇಳಿದವು, ಮಕ್ಕಳು ಕಂಡಿಗಳಿಂದ ಸ್ಪಂಜಿನ ಕಲ್ಲು ಕೆಡವಿ ಕೇಕೆ ಹಾಕಿದರು. ಮಾಲೀಕನ ಕೈ ಬಿತ್ತು, ಎಳೆದೆ, ಗುಂಡು ಹೋಗಿ ಗೋಡೆಗೆ ಬಡಿಯಿತು. ಚಪ್ಪಾಳೆ. ಯಂತ್ರ ಅವಳದು, ಬಾಗಿ ನಮಸ್ಕರಿಸಿದವನು ಅವನು. ನನಗೆ ಆ ಚಪ್ಪಾಳೆ ಕಿವಿಗೆ ಹಿತವಾಗಲಿಲ್ಲ.

ಭಾನುವಾರ ಬೆಳಗಿನಿಂದ ತುಂತುರು ಹನಿ. ಮಧ್ಯಾಹ್ನ ನಿಂತಿತು. ಜನ ಶನಿವಾರಕ್ಕಿಂತ ಹೆಚ್ಚು. ನಾನು ಹಗ್ಗ ಎತ್ತಿಕೊಳ್ಳುವಾಗ ಜನರನ್ನು ತಡೆದ ಬೇಲಿಯಾಚೆ ಅವಳು ಕಂಡಳು. ಮೇಲೆ ಕೋಟು, ಕೆಳಗೆ ರೇಷ್ಮೆ ಸೀರೆ, ಪಕ್ಕದಲ್ಲಿ ಗಂಡ. ಸಂಜೆ ಯುಗಾದಿ ಕೂಟ ಇತ್ತು. ಅಲ್ಲಿಗೆ ಹೋಗುವ ದಾರಿಯಲ್ಲಿ ತನ್ನ ಯಂತ್ರವನ್ನು ಎಲ್ಲರ ಹಾಗೆ ಬೇಲಿಯಾಚೆ ನಿಂತು ನೋಡಲು ಬಂದಿದ್ದಳು.

ನನಗೆ ಏನಾಯಿತೋ, ಹಗ್ಗ ಕೆಳಗಿಟ್ಟು ಗುಂಡುಗಳನ್ನಿಟ್ಟ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ.

ಮಾಲೀಕ ಕೈ ಎತ್ತಿ ನಿಂತಿದ್ದವನು ಬಂದ. ಹುಷಾರಿಲ್ಲವೇ ಎಂದು ಕೇಳಿದ.

"ಹುಷಾರಿದ್ದೇನೆ. ಅಲ್ಲಿ ನೀನು ನಿಂತರೆ ನಾನು ಎಳೆಯುವುದಿಲ್ಲ. ಅವಳು ನಿಲ್ಲಬೇಕು."

"ಇದು ಸಮಯವಲ್ಲ," ಎಂದ, ಬಹಳ ಬಹಳ ಮೆತ್ತಗೆ.

"ಗೊತ್ತು," ಎಂದೆ. ಜೀವಮಾನದಲ್ಲಿ ಯಾವ ಮಾಲೀಕನಿಗೂ ನಾನು ಎದುರಾಡಿದವನಲ್ಲ. ಧೈರ್ಯ ಅಂತ ಏನೂ ಬಂದಿರಲಿಲ್ಲ, ದಣಿವು ಬಂದಿತ್ತು. ಇನ್ನೊಂದು ಸುಳ್ಳನ್ನು ಎಳೆಯುವಷ್ಟು ಶಕ್ತಿ ಉಳಿದಿರಲಿಲ್ಲ. ಕೋಟೆಗಳು ಬಹುತೇಕ ಬಿದ್ದದ್ದು ಕಲ್ಲೇಟಿಗಲ್ಲ, ಹೊರಗೆ ಕೂತವರು ಏಳಲಿಲ್ಲ ಎಂಬುದಕ್ಕೆ. ನಾನೂ ಕೂತೆ. ಫ್ಲಾಸ್ಕಿನ ಟೀ ಬಗ್ಗಿಸಿಕೊಂಡೆ. ಜನ ಸಿಳ್ಳೆ ಹಾಕಿದರು. ಹಗ್ಗ ಮುಟ್ಟಲು ಬೇರೆ ಯಾರಿಗೂ ಅನುಮತಿ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಅರ್ಧ ಲೋಟ ಟೀ ಮುಗಿಯುವ ಹೊತ್ತಿಗೆ ಅವನು ಬೇಲಿಯ ಕಡೆ ನಡೆದ.

ಅವಳು ಬಂದಳು. ಕೋಟು ಗಂಡನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಸರಿನಲ್ಲಿ ನೆರಿಗೆ ಎತ್ತಿ ಹಿಡಿದು. ನನ್ನ ಕಡೆ ನೋಡಿ, "ಏನ್ ಸಾರ್ ಇದು, ಎಲ್ರ ಎದುರಿಗೆ," ಎಂದಳು. ಬೈದಳೋ ಹೊಗಳಿದಳೋ ತಿಳಿಯಲಿಲ್ಲ. ನೇರ ತನ್ನ ಜಾಗಕ್ಕೆ ಹೋಗಿ ನಿಲ್ಲುತ್ತಾಳೆ, ಕೈ ಎತ್ತುತ್ತಾಳೆ, ಎಂದು ನಾನು ಹಗ್ಗ ಎತ್ತಿಕೊಂಡೆ. ಅವಳು ನಿಲ್ಲಲಿಲ್ಲ. ಚೀಲದ ಹತ್ತಿರ ಕುಕ್ಕರಗಾಲಲ್ಲಿ ಕೂತು ಕವಣೆಯ ಹಗ್ಗವನ್ನು ಬೆರಳುಗಳಲ್ಲಿ ಹಿಂಡಿದಳು. ಅಳತೆಯ ಟೇಪು ಕೊಡಿ ಎಂದಳು. ಅಳೆದಳು, ಇನ್ನೊಂದು ಸಲ ಅಳೆದಳು.

"ನಾಲ್ಕು ಬೆರಳು ಕುಗ್ಗಿದೆ ಸಾರ್."

ಬೆಳಗಿನಿಂದ ಹನಿ ಬಿದ್ದಿತ್ತು, ನಾನು ಕವಣೆಯ ಹಗ್ಗವನ್ನು ಮುಟ್ಟಿಯೂ ನೋಡಿರಲಿಲ್ಲ. ನಾನು ಕೂತದ್ದು ಅವಳಿಗೆ ನ್ಯಾಯ ಸಿಗಲಿ ಎಂದು. ಕೂರದಿದ್ದರೆ ಮಾಲೀಕನ ಕೈ ಬೀಳುತ್ತಿತ್ತು, ನಾನು ಎಳೆಯುತ್ತಿದ್ದೆ.

ಮಾಲೀಕ ಹತ್ತಿರ ಬಂದು, ಜನ ಇಷ್ಟೊಂದು ಹೊತ್ತು ಕಾದಿದ್ದಾರೆ, ಮೊಳೆ ಒಂಚೂರು ಬಾಗಿಸಿ ಒಂದೇ ಒಂದು ಸಲ ಎಸೆಯೋಣವೇ ಎಂದ. ಅವಳು ಎದ್ದು ನಿಂತಳು. ಸೀರೆಯ ಅಂಚು ಪೂರ್ತಿ ಕೆಸರು. ಈ ಒಂದು ಎಸೆತಕ್ಕಾಗಿ ಅವಳು ಇಷ್ಟು ದಿನ ಬೆನ್ನು ಮುರಿದುಕೊಂಡಿದ್ದು, ಇದು ಗೋಡೆಗೆ ಬಡಿದರೆ ನಾಳೆಯಿಂದ ಅವಳು ಎಲ್ಲಿ ಕೂರುತ್ತಾಳೆ ಎಂಬುದೂ ತೀರ್ಮಾನವಾಗುತ್ತಿತ್ತು.

"ಪರೀಕ್ಷೆ ಮಾಡದೆ ಜನರ ಮುಂದೆ ಇಲ್ಲ," ಎಂದಳು. "ಇವತ್ತು ಎಸೆಯುವುದಿಲ್ಲ."

ಅವನು ಅವಳನ್ನು ನೋಡಿದ. ಬಯಲಿನ ಅಂಚಿನಲ್ಲಿ ಮಾಡಿಗೆ ಟಾರ್ಪಾಲು ಕಟ್ಟಿದ್ದ ಕ್ಯಾಬಿನ್ ನೋಡಿದ. ಬೇಲಿಯಾಚೆ ಭುಜದ ಮೇಲೆ ಮಕ್ಕಳನ್ನು ಕೂರಿಸಿಕೊಂಡ ಜನರನ್ನು ನೋಡಿದ. ಮೈಕು ಎತ್ತಿಕೊಂಡ. ಈ ಸಲ ಅವನ ದನಿ ಮೆತ್ತಗಿರಲಿಲ್ಲ.

"ಕ್ಷಮಿಸಿ. ಹಗ್ಗ ಒದ್ದೆಯಾಗಿದೆ. ಇವತ್ತು ಎಸೆಯಬಾರದು ಅಂತ ನಮ್ಮ ಎಂಜಿನಿಯರ್ ಹೇಳಿದ್ದಾರೆ."

ಜನ ಗೊಣಗುತ್ತ ಕರಗತೊಡಗಿದರು. ಅಲ್ಲಿಯವರೆಗೆ ಅವನ ಬಾಯಲ್ಲಿ ಅವಳು ಹುಡುಗಿ, ಅವಳನ್ನು ಎಂಜಿನಿಯರ್ ಎಂದು ಅವನು ಕರೆದದ್ದು ಅದೇ ಮೊದಲು. ಅವಳು ನನಗೆ ಬೆನ್ನು ಹಾಕಿ ಮೊಳೆಯಿಂದ ಬಳೆ ಕಳಚುತ್ತಿದ್ದಳು. ಬಳೆ ಕೈಗೆ ಬಂದ ಮೇಲೆ ಒದ್ದೆ ಹಗ್ಗವನ್ನು ಒಣಗಲೆಂದು ಉದ್ದಕ್ಕೆ ಎಳೆದು ಹರವಿದಳು.